ನಲವತ್ತು ದಿನಗಳ ಬಾಣಂತನ, ಮೂವತ್ತು ದಿನಗಳ ಗಡುವು

ಅವಧಿಗೆ ಮುನ್ನ ಹುಟ್ಟಿದ ಮಗು ಬದುಕಿ ಉಳಿಯುವುದು ನಮ್ಮ ತಾಯಂದಿರ ಕಾಲದಲ್ಲಿ ಅಪರೂಪದ ಸಂಗತಿಯಾಗಿತ್ತು. ಏಳು ತಿಂಗಳಿಗೇ ಹೆರಿಗೆಯಾಯಿತೆಂದರೆ ಮನೆಯವರು ದನಿ ತಗ್ಗಿಸಿ ಮಾತನಾಡುತ್ತಿದ್ದರು. ಇಂದು ಅದೇ ಮಾತನ್ನು ಜನರು ಮುಖವರಳಿಸಿ ಹೇಳುತ್ತಾರೆ: ಒಂದೂವರೆ ಕಿಲೋ ಇತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟರು, ಅಲ್‌ಹಮ್ದುಲಿಲ್ಲಾಹ್. ನಮ್ಮ ದೇಶದಲ್ಲಿ ವರ್ಷವೊಂದಕ್ಕೆ 30 ಲಕ್ಷದ ಆಸುಪಾಸಿನಲ್ಲಿ ಮಕ್ಕಳು ಹೀಗೆ ಅವಧಿಗೆ ಮುನ್ನ ಜನಿಸುತ್ತಾರೆ. ಜಗತ್ತಿನ ಬೇರಾವ ದೇಶದಲ್ಲಿಯೂ ಇಷ್ಟು ದೊಡ್ಡ ಸಂಖ್ಯೆಯಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳು ಬಂದ ಮೇಲೆ ಅವರಲ್ಲಿ ಬಹಳ ಮಂದಿ ಬದುಕುತ್ತಿದ್ದಾರೆ.

ಈ ಸಂತೋಷದ ಜೊತೆಗೇ ಒಂದು ಗಡುವು ಮನೆಯೊಳಗೆ ಬರುತ್ತದೆ. ಅದು ಮೂವತ್ತು ದಿನಗಳ ಗಡುವು. ಆ ದಿನಗಳೊಳಗೆ ಮಗುವಿನ ಕಣ್ಣಿನ ಒಳಭಾಗವನ್ನು ಅದಕ್ಕೆಂದೇ ತರಬೇತಾದವರು ಪರೀಕ್ಷಿಸಬೇಕು. ನಮ್ಮ ಮನೆಗಳಲ್ಲಿ ಆಗಲೇ ಇನ್ನೊಂದು ಲೆಕ್ಕ ನಡೆದಿರುತ್ತದೆ. ಅದು ಬಾಣಂತನದ ನಲವತ್ತು ದಿನಗಳ ಲೆಕ್ಕ, ನಮ್ಮ ಕಡೆಯ ಮನೆಮಾತಿನಲ್ಲಿ ಚಿಲ್ಲಾ. ನಲವತ್ತು ತೀರುವವರೆಗೆ ತಾಯಿಯೂ ಮಗುವೂ ಹೊಸ್ತಿಲು ದಾಟುವಂತಿಲ್ಲ. ಮೂವತ್ತು ನಲವತ್ತರ ಒಳಗೇ ಬರುತ್ತದೆಂಬುದನ್ನು ತಿಳಿಯಲು ಗಣಿತ ಬೇಕಾಗಿಲ್ಲ. ಈ ಎರಡು ಲೆಕ್ಕಗಳು ಪರಸ್ಪರ ಎದುರಾದಾಗ ನಮ್ಮಲ್ಲಿ ಸೋಲುವುದು ಬಹುಮಟ್ಟಿಗೆ ಕಣ್ಣಿನ ಲೆಕ್ಕವೇ. ಅದಕ್ಕಾಗಿಯೇ ಈ ಲೇಖನ.

ರೋಗದ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ವೈದ್ಯರು ಚಿಕ್ಕದಾಗಿ ಆರ್‌ಒಪಿ ಎನ್ನುತ್ತಾರೆ. ಕಣ್ಣಿನ ಹಿಂಭಾಗದ ಗೋಡೆಗೆ ತೆಳುವಾದ ಒಂದು ಪರದೆ ಅಂಟಿಕೊಂಡಿದೆ. ಅದು ಅಕ್ಷಿಪಟಲ. ನಾವು ಕಾಣುವುದೆಲ್ಲವೂ ಅದರ ಮೇಲೆ ಮೂಡುತ್ತದೆ. ಗರ್ಭದ ಹದಿನಾರನೆಯ ವಾರದ ಹೊತ್ತಿಗೆ ಕಣ್ಣಿನ ನರ ಇರುವಲ್ಲಿಂದ ಸಣ್ಣ ರಕ್ತನಾಳಗಳು ಈ ಪರದೆಯ ಮೇಲೆ ಹಬ್ಬತೊಡಗುತ್ತವೆ. ಬಳ್ಳಿಯೊಂದು ಗೋಡೆಯ ಮೇಲೆ ಹಬ್ಬಿದಂತೆ ನಿಧಾನವಾಗಿ ಅಂಚಿನ ಕಡೆಗೆ ಸಾಗುತ್ತವೆ. ಅಂಚನ್ನು ಮುಟ್ಟುವ ಹೊತ್ತಿಗೆ ಒಂಬತ್ತು ತಿಂಗಳು ತುಂಬಿರುತ್ತದೆ. ಏಳನೆಯ ತಿಂಗಳಿಗೇ ಹೊರಬಂದ ಮಗುವಿನಲ್ಲಿ ಈ ಬಳ್ಳಿ ಅರ್ಧ ದಾರಿಯಲ್ಲಿರುತ್ತದೆ. ಹೊರಗಿನ ಗಾಳಿಯಲ್ಲಿಯೂ ಆಸ್ಪತ್ರೆಯಲ್ಲಿ ಕೊಡುವ ಆಮ್ಲಜನಕದಲ್ಲಿಯೂ ಗರ್ಭದೊಳಗೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಆಮ್ಲಜನಕವಿರುವುದರಿಂದ ಬೆಳವಣಿಗೆ ಮೊದಲು ನಿಂತುಬಿಡುತ್ತದೆ. ಕೆಲವು ವಾರಗಳ ನಂತರ, ರಕ್ತ ತಲುಪದ ಅಂಚಿನ ಭಾಗವು ಹಸಿವಿನಿಂದ ಕೂಗಿದಂತೆ ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತದೆ. ಅದಕ್ಕೆ ಉತ್ತರವಾಗಿ ಹುಟ್ಟುವ ನಾಳಗಳು ಕ್ರಮತಪ್ಪಿದ ನಾಳಗಳು. ಅವು ಸೋರುತ್ತವೆ, ಕಲೆಗಟ್ಟುತ್ತವೆ. ಕಲೆ ಕುಗ್ಗುವಾಗ ಪರದೆಯನ್ನು ಗೋಡೆಯಿಂದ ಎಳೆದು ಬಿಡಿಸುತ್ತದೆ. ಪೂರ್ತಿ ಬಿಟ್ಟುಬಂದ ಪರದೆಯನ್ನು ಮರಳಿ ಅಂಟಿಸಿ ದೃಷ್ಟಿ ಕೊಡುವುದು ಶಸ್ತ್ರಚಿಕಿತ್ಸೆಗೂ ಬಹುತೇಕ ಸಾಧ್ಯವಾಗದ ಕೆಲಸ.

ಇದೆಲ್ಲ ನಡೆಯುವಾಗ ಹೊರಗಿನಿಂದ ಏನೂ ಕಾಣುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಮಗು ನೋವಿನಿಂದ ಅಳುವುದಿಲ್ಲ. ಪಾಪೆಯಲ್ಲಿ ಬಿಳಿ ಹೊಳಪು ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ತಾಯಿ ಎಷ್ಟೇ ಎಚ್ಚರದಿಂದಿದ್ದರೂ, ಅಜ್ಜಿ ಎಷ್ಟು ಮಕ್ಕಳನ್ನು ಸಾಕಿದವಳಾಗಿದ್ದರೂ, ನೋಡಿ ತಿಳಿಯುವ ರೋಗ ಇದಲ್ಲ.

ಈ ರೋಗಕ್ಕೂ ಮಕ್ಕಳನ್ನು ಉಳಿಸುವ ವಿದ್ಯೆಗೂ ಇರುವ ನಂಟು ಹಳೆಯದು. 1942ರಲ್ಲಿ ಅಮೆರಿಕದ ಬೋಸ್ಟನ್ ನಗರದ ಥಿಯೋಡೋರ್ ಟೆರಿ ಎಂಬ ನೇತ್ರವೈದ್ಯರು ಇದನ್ನು ಮೊದಲ ಬಾರಿಗೆ ವಿವರಿಸಿದರು. ಅತ್ಯುತ್ತಮ ಆಸ್ಪತ್ರೆಗಳಲ್ಲಿ, ಅತ್ಯುತ್ತಮ ಪೆಟ್ಟಿಗೆಗಳಲ್ಲಿ ಬೆಳೆದ ಮಕ್ಕಳೇ ಹೆಚ್ಚಾಗಿ ಕುರುಡಾಗುತ್ತಿದ್ದುದು ವೈದ್ಯರನ್ನು ದಿಗ್ಭ್ರಮೆಗೊಳಿಸಿತ್ತು. 1951ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ಮಕ್ಕಳ ವೈದ್ಯೆ, ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವಿರಬಹುದೆಂದು ಬರೆದರು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗ ಅದನ್ನು ಖಚಿತಪಡಿಸಿತು. ಅಷ್ಟರಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರೆಂಬುದು ವೈದ್ಯಚರಿತ್ರೆಯಲ್ಲಿ ದಾಖಲಾಗಿರುವ ಅಂದಾಜು. ಬಳಿಕ ಆಮ್ಲಜನಕವನ್ನು ಬಿಗಿಯಾಗಿ ಕಡಿತಗೊಳಿಸಿದರು. ಆಗ ಕುರುಡುತನ ಇಳಿಯಿತು, ಸಾವುಗಳು ಏರಿದವು. ಆದುದರಿಂದ ಆಮ್ಲಜನಕ ಕೊಟ್ಟ ವೈದ್ಯರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಉಸಿರಾಡಲಾಗದ ಮಗುವಿಗೆ ಅದು ಬೇಕೇ ಬೇಕು. ಎಷ್ಟು ಬೇಕೋ ಅಷ್ಟನ್ನು ಅಳೆದು ಕೊಡುವುದು, ಆಮೇಲೆ ಕಣ್ಣನ್ನು ನೋಡಿಸುವುದು, ಇವೆರಡು ಒಂದೇ ಚಿಕಿತ್ಸೆಯ ಎರಡು ಭಾಗಗಳು. ಮೊದಲ ಭಾಗವನ್ನು ಆಸ್ಪತ್ರೆ ಮಾಡುತ್ತದೆ. ಎರಡನೆಯದಕ್ಕೆ ಮನೆಯವರೂ ಬೇಕು.

ಯಾವ ಮಗುವಿಗೆ ಪರೀಕ್ಷೆ ಬೇಕು? ಅಮೆರಿಕದಲ್ಲಿ 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರಗಳೊಳಗೆ ಹುಟ್ಟಿದ ಮಕ್ಕಳನ್ನು ಮುಖ್ಯವಾಗಿ ನೋಡುತ್ತಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಲ್ಲಿಯೂ ಈ ರೋಗ ತೀವ್ರವಾಗುವುದು ಕಂಡುಬಂದುದರಿಂದ ಭಾರತದ ಮಾರ್ಗಸೂಚಿ ಬಲೆಯನ್ನು ಅಗಲವಾಗಿ ಬೀಸಿದೆ. ಹುಟ್ಟಿದಾಗ 2000 ಗ್ರಾಮಿಗಿಂತ, ಅಂದರೆ ಎರಡು ಕಿಲೋಗಿಂತ, ಕಡಿಮೆ ತೂಕವಿದ್ದ ಮಗು. ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ ಮಗು. 34ರಿಂದ 36 ವಾರಗಳ ನಡುವೆ ಹುಟ್ಟಿದ್ದರೂ ಆಮ್ಲಜನಕ ಪಡೆದಿದ್ದರೆ, ಸೋಂಕು ತಗುಲಿದ್ದರೆ, ರಕ್ತ ಕೊಡಿಸಿದ್ದರೆ ಆ ಮಗುವೂ ಸೇರುತ್ತದೆ. ಮೊದಲ ಪರೀಕ್ಷೆ ಹುಟ್ಟಿದ ಮೂವತ್ತು ದಿನಗಳೊಳಗೆ. 28 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1200 ಗ್ರಾಮಿಗಿಂತ ಕಡಿಮೆಯಿರುವ ಶಿಶುವಿಗೆ ಇನ್ನೂ ಬೇಗ, ಎರಡು ಮೂರು ವಾರಗಳಲ್ಲಿಯೇ. ಈ ಅಂಕಿಗಳನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೆ ನಷ್ಟವಿಲ್ಲ.

ಹೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಸಾಕ್ಷಿ. 1996ರಲ್ಲಿ ಚೆನ್ನೈನ ಎಗ್ಮೋರಿನ ಸರಕಾರಿ ಆಸ್ಪತ್ರೆಯಲ್ಲಿ 29 ವಾರಕ್ಕೆ, 1250 ಗ್ರಾಂ ತೂಕದ ಹೆಣ್ಣುಮಗುವೊಂದು ಹುಟ್ಟಿತು. ಮಗುವನ್ನು ಉಳಿಸಿ ಮನೆಗೆ ಕಳುಹಿಸಿದರು. ಕಣ್ಣು ತೋರಿಸಬೇಕೆಂದು ಹೇಳಲಿಲ್ಲ. ತಂದೆಗೆ ಗೊತ್ತಾದಾಗ ತಿಂಗಳುಗಳು ಕಳೆದಿದ್ದವು, ಎರಡೂ ಕಣ್ಣುಗಳು ಹೋಗಿದ್ದವು. ಆ ತಂದೆ ಬಿಡದೆ ಹೋರಾಡಿದರು. 2015ರಲ್ಲಿ ಸುಪ್ರೀಂ ಕೋರ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ನೀಡಬೇಕೆಂದು ತೀರ್ಪಿತ್ತಿತು. ಆಗ ಆ ಮಗು ಹದಿನೆಂಟು ತುಂಬಿದ ತರುಣಿ. ಇಂದು ಕೇಂದ್ರ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ರೋಗದ ಹೆಸರಿದೆ, ಆಸ್ಪತ್ರೆಗಳು ಹೇಳುವುದೂ ಹೆಚ್ಚಾಗಿದೆ. ಹೇಳಿದ ಮೇಲೆ ಮಾಡುವವರು ಯಾರು ಎಂಬ ಪ್ರಶ್ನೆ ಮನೆಗೆ ಬಂದು ನಿಂತಿದೆ.

ಎರಡು ವರ್ಷಗಳ ಹಿಂದೆ ಅದು ನಮ್ಮ ತಂಗಿಯ ಮನೆಗೆ ಬಂದು ನಿಂತಿತು. ತಂಗಿಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. 31ನೆಯ ವಾರದಲ್ಲಿಯೇ ನೋವು ಕಾಣಿಸಿಕೊಂಡಿತು. ಮಗು 1380 ಗ್ರಾಂ. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕವನ್ನು ಬರೆದಿದ್ದರು. ಅದು ಮಗುವಿನ ಇಪ್ಪತ್ತೇಳನೆಯ ದಿನ. ಹೋಗಬೇಕಾದುದು ಜಿಲ್ಲಾ ಕೇಂದ್ರಕ್ಕೆ, ಎರಡು ಗಂಟೆಯ ದಾರಿ.

ಆ ಮನೆಯ ಹಿರಿಯರು ತಂಗಿಯ ಅತ್ತೆ. ಅವರು ಒಪ್ಪಲಿಲ್ಲ. "ಚಿಲ್ಲಾ ತೀರದೆ ಬಾಣಂತಿ ಹೊರಗೆ ಹೋಗುವುದುಂಟೇ? ಗಾಳಿ ತಾಗುತ್ತದೆ, ನಜರ್ ತಾಗುತ್ತದೆ. ಇನ್ನು ಹದಿಮೂರು ದಿನ ತಡೆದುಕೊಂಡರೆ ಯಾರ ಗಂಟು ಹೋಗುತ್ತದೆ?" ಎಂದರು. ಅಳಿಯ ರಿಯಾದಿನಲ್ಲಿದ್ದ. ಫೋನಿನಲ್ಲಿ, "ಮಾಮು, ದೊಡ್ಡವರು ಹೇಗೆ ಹೇಳುತ್ತೀರೋ ಹಾಗೆ" ಎಂದುಬಿಟ್ಟ. ಕೊನೆಗೆ ತಂಗಿ ನಮ್ಮನ್ನು ಕರೆಸಿದಳು. ಮನೆಯಲ್ಲಿ ಒಬ್ಬ ಮದ್ರಸದ ಉಸ್ತಾದನಿದ್ದರೆ ಇಂಥ ಹೊತ್ತಿನಲ್ಲಿ ಕರೆ ಬರುವುದು ಸಹಜವೇ.

ಆ ಹಿರಿಯರನ್ನು ಮೂಢನಂಬಿಕೆಯವರೆಂದು ಬರೆದು ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಅವರು ಹೆತ್ತ ಎಂಟು ಮಕ್ಕಳಲ್ಲಿ ಒಂದು ಎಂಟನೆಯ ತಿಂಗಳಿಗೇ ಹುಟ್ಟಿತ್ತಂತೆ. ಮಳೆಗಾಲದಲ್ಲಿ ಯಾವುದೋ ಕಾರಣಕ್ಕೆ ಹೊರಗೆ ಒಯ್ದು ತಂದ ಮೂರನೆಯ ದಿನ ಶೀತವಾಗಿ ತೀರಿಕೊಂಡಿತಂತೆ. ನಲವತ್ತು ದಿನ ಮನೆಯೊಳಗಿರಬೇಕೆಂಬುದು ಅವರ ಪಾಲಿಗೆ ಆ ಮಗುವಿನ ಕಬರ್‌ನಿಂದ ಕಲಿತ ಪಾಠ. ಚಿಲ್ಲಾದಿಂದ ತಾಯಿಗೆ ವಿಶ್ರಾಂತಿ ಸಿಗುತ್ತದೆ. ಬಂದುಹೋಗುವವರ ಸೋಂಕಿನಿಂದ ಮಗುವಿಗೆ ರಕ್ಷಣೆಯಿರುತ್ತದೆ. ಒಳ್ಳೆಯ ವಾಡಿಕೆಯೇ. ಆದರೆ ವಾಡಿಕೆಗೂ ಶರೀಅತ್ತಿಗೂ ನಡುವೆ ಗೆರೆಯಿದೆ. ಆ ಗೆರೆಯನ್ನು ತೋರಿಸುವುದು ನಮ್ಮ ಕೆಲಸವಾಗಿತ್ತು.

ನಿಫಾಸ್ ಎಂದರೆ ಹೆರಿಗೆಯ ನಂತರದ ರಕ್ತಸ್ರಾವದ ಅವಧಿ. ಹನಫೀ ಫಿಕ್ಹಿನಲ್ಲಿ ಅದರ ಗರಿಷ್ಠ ಮಿತಿ 40 ದಿನ, ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಶಾಫಿಈ ಫಿಕ್ಹಿನಲ್ಲಿ 60 ದಿನ. ಕನಿಷ್ಠ ಮಿತಿಯೇ ಇಲ್ಲ. ರಕ್ತ ಇಪ್ಪತ್ತನೆಯ ದಿನಕ್ಕೇ ನಿಂತರೆ ಅಂದೇ ಗುಸ್ಲ್ ಮಾಡಿ ನಮಾಝಿಗೆ ನಿಲ್ಲಬೇಕು. ನಲವತ್ತು ತುಂಬಲೆಂದು ಕಾಯುವಂತಿಲ್ಲ. ಈ ಅವಧಿಯಲ್ಲಿ ನಮಾಝ್ ಇಲ್ಲ, ಉಪವಾಸ ಇಲ್ಲ, ದಾಂಪತ್ಯ ಸಂಬಂಧ ಇಲ್ಲ. ಮನೆಯಿಂದ ಹೊರಡಬಾರದೆಂಬ ವಿಧಿ ಇದರಲ್ಲಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಬಾಣಂತಿಯರು ನಲವತ್ತು ದಿನ ಕುಳಿತಿರುತ್ತಿದ್ದರೆಂಬ ಅರ್ಥದ ವರದಿಯೊಂದು ಉಮ್ಮು ಸಲಮಾ(ರ) ಅವರಿಂದ ಬಂದಿದೆ. ಅಲ್ಲಿಯ ಕುಳಿತಿರುವುದು ಎಂಬ ಮಾತನ್ನು ಉಲಮಾಗಳು ಆರಾಧನೆಯಿಂದ ಬಿಡುವು ಪಡೆದಿರುವುದು ಎಂದೇ ಅರ್ಥಮಾಡಿಕೊಂಡಿದ್ದಾರೆ. ಗಂಡ ತೀರಿಕೊಂಡವಳ ಇದ್ದತ್ತಿಗೆ ಇರುವ ನಿಯಮಗಳನ್ನು ನಮ್ಮ ಜನರು ಬಾಣಂತಿಯ ಮೇಲೆಯೂ ಹೊರಿಸಿಬಿಟ್ಟಿದ್ದಾರೆಯೇ ಎಂದು ಕೆಲವೊಮ್ಮೆ ನಮಗೆ ಸಂಶಯ ಬರುತ್ತದೆ.

ಇಷ್ಟನ್ನು ಹೇಳಿದರೂ ಆ ಹಿರಿಯರ ಮುಖ ಸಡಿಲಲಿಲ್ಲ. ಫಿಕ್ಹಿನ ಮಾತು ತಲೆಗೆ ಹೋಗುತ್ತದೆ, ಭಯವಿರುವುದು ಬೇರೆಡೆ. ಆಗ ಅಸ್ಮಾ ಬಿನ್ತ್ ಉಮೈಸ್(ರ) ಅವರ ವೃತ್ತಾಂತವನ್ನು ಹೇಳಿದೆವು. ಹಿಜರಿ 10ನೆಯ ವರ್ಷ, ಪ್ರವಾದಿವರ್ಯರ(ಸ) ವಿದಾಯದ ಹಜ್ಜ್. ಮದೀನಾದಿಂದ ಹೊರಟ ಯಾತ್ರಿಕರು ದುಲ್ ಹುಲೈಫಾದಲ್ಲಿ ತಂಗಿದ್ದರು. ಅಬೂಬಕರ್(ರ) ಅವರ ಪತ್ನಿ ಅಸ್ಮಾ ಅಲ್ಲಿಯೇ ಗಂಡುಮಗುವನ್ನು ಹೆತ್ತರು. ಈಗ ಏನು ಮಾಡಲಿ ಎಂದು ಕೇಳಿಸಿದಾಗ, ಮದೀನಾಕ್ಕೆ ಮರಳಿ ಒಳಗೆ ಕೂರು ಎಂಬ ಉತ್ತರ ಬರಲಿಲ್ಲ. ಸ್ನಾನ ಮಾಡಿ, ಬಟ್ಟೆ ಬಿಗಿದುಕೊಂಡು, ಇಹ್ರಾಮ್ ಪ್ರವೇಶಿಸುವಂತೆ ಪ್ರವಾದಿವರ್ಯರು(ಸ) ತಿಳಿಸಿದರು. ಸಹೀಹ್ ಮುಸ್ಲಿಮಿನಲ್ಲಿ ಇದು ದಾಖಲಾಗಿದೆ. ದುಲ್ ಹುಲೈಫಾ ಮದೀನಾದ ಮಗ್ಗುಲಲ್ಲೇ ಇದೆ. ಮಕ್ಕಾ ಅಲ್ಲಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ, ಮರಳುಗಾಡಿನ ದಾರಿ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಸಿ ಬಾಣಂತಿ ಒಂಟೆಯ ಮೇಲೆ ಮಕ್ಕಾಕ್ಕೆ ಹೋದಳೇ?" ಎಂದು ಕೇಳಿದರು. ಹೌದು ಖಾಲಾ ಎಂದೆವು. "ನಮ್ಮದು ಎರಡು ತಾಸಿನ ದಾರಿ" ಎಂದವರು ಎದ್ದು ಹೋಗಿ ಉಣ್ಣೆಯ ಟೋಪಿ ಹುಡುಕತೊಡಗಿದರು. ಮರುದಿನ ಓಮ್ನಿಯಲ್ಲಿ ಅವರೂ ಹತ್ತಿಕೊಂಡರು. ಮಗುವನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಫಲಕ್ ಮತ್ತು ನಾಸ್ ಸೂರಃಗಳನ್ನು ಓದಿ ಊದುತ್ತಿದ್ದರು. ನಜರ್ ಸುಳ್ಳೆಂದು ನಾವು ಹೇಳಿರಲಿಲ್ಲ. ಅದಕ್ಕೆ ದೀನಿನಲ್ಲಿರುವ ರಕ್ಷಣೆಯೂ ಹೀಗೆ ಓದುವುದೇ. ಅದು ವಾಹನದಲ್ಲಿಯೂ ನಡೆಯುತ್ತದೆ.

ಪರೀಕ್ಷೆಯನ್ನು ಕಣ್ಣಾರೆ ಕಾಣುವುದು ಹೆತ್ತವರಿಗೆ ಕಷ್ಟ. ಆದುದರಿಂದ ಅದು ಹೇಗಿರುತ್ತದೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ವಾಂತಿಯಾಗದಿರಲೆಂದು ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಹಾಲು ಕೊಡಬಾರದೆನ್ನುತ್ತಾರೆ. ಪಾಪೆ ಅರಳಲೆಂದು ಹನಿ ಹಾಕುತ್ತಾರೆ, ಮತ್ತೆ ಹಾಕುತ್ತಾರೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಬೇಕು. ನೋವು ಮರೆಸುವ ಹನಿ ಬೇರೆ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ರೆಪ್ಪೆಗಳು ಮುಚ್ಚದಂತೆ ತಂತಿಯ ಸಣ್ಣ ಸಾಧನವೊಂದನ್ನು ಇಡುತ್ತಾರೆ. ತಲೆಗೆ ದೀಪ ಕಟ್ಟಿಕೊಂಡ ವೈದ್ಯರು ಕೈಯಲ್ಲಿ ಮಸೂರ ಹಿಡಿದು ನೋಡುತ್ತಾರೆ, ಇಲ್ಲವೇ ಕ್ಯಾಮೆರಾವನ್ನು ಕಣ್ಣಿಗೆ ತಾಗಿಸಿ ಚಿತ್ರ ತೆಗೆಯುತ್ತಾರೆ. ಮಗು ಕಿರುಚುತ್ತದೆ. ಕೆಲವೇ ನಿಮಿಷಗಳ ಕೆಲಸ. ನೋವು ತಗ್ಗಿಸಲು ನಾಲಗೆಗೆ ಸಕ್ಕರೆ ನೀರಿನ ಒಂದೆರಡು ಹನಿ ಹಾಕುವುದೂ ಉಂಟು. ಅದನ್ನು ಕಂಡು ಖಾಲಾ ನಮ್ಮತ್ತ ತಿರುಗಿ, "ತಹ್ನೀಕ್ ಮಾಡುತ್ತಿದ್ದಾರೆ ನೋಡು" ಎಂದರು. ಅಳುತ್ತಿದ್ದ ತಂಗಿಯ ಮಗಳಿಗೂ ನಗು ಬಂತು.

ಫಲಿತಾಂಶ: ಮೊದಲನೆಯ ಹಂತ. ಈ ರೋಗಕ್ಕೆ ಐದು ಹಂತಗಳಿವೆ. ಮೊದಲೆರಡು ಹಂತಗಳಲ್ಲಿರುವ ಬಹುಪಾಲು ಮಕ್ಕಳಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಅದು ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಮುಂದುವರಿಯುತ್ತದೆ, ಅದೂ ವೇಗವಾಗಿ. ಯಾವ ಮಗು ಯಾವ ಗುಂಪಿಗೆ ಸೇರುತ್ತದೆಂದು ಮೊದಲ ದಿನವೇ ಹೇಳಲಾಗುವುದಿಲ್ಲ. ಮತ್ತೆ ಮತ್ತೆ ನೋಡುತ್ತಿರಬೇಕು. ಚಿಕಿತ್ಸೆ ಬೇಕೆನಿಸಿದರೆ ಎರಡು ಮೂರು ದಿನಗಳೊಳಗೆ ಮಾಡಿಬಿಡಬೇಕು. ರಕ್ತ ತಲುಪದ ಅಂಚಿನ ಭಾಗಕ್ಕೆ ಲೇಸರ್ ಕಿರಣ ಹಾಯಿಸಿ ಆ ಹಸಿವಿನ ಕೂಗನ್ನು ನಿಲ್ಲಿಸುತ್ತಾರೆ. ಕೆಲವು ಮಕ್ಕಳಿಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡುತ್ತಾರೆ. ಸಕಾಲದಲ್ಲಿ ಮಾಡಿದರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ಈಗ ಆ ಹದಿಮೂರು ದಿನಗಳ ಬೆಲೆಯನ್ನು ಓದುಗರೇ ಲೆಕ್ಕ ಹಾಕಬಹುದು.

ಎರಡು ವಾರ ಬಿಟ್ಟು ಹೋದಾಗ ಎರಡನೆಯ ಹಂತಕ್ಕೆ ಏರಿತ್ತು. ಮುಂದಿನ ವಾರವೇ ಮತ್ತೆ ಬನ್ನಿ ಎಂದರು. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಳಿಕ ಅಲ್ಲಾಹನ ಕೃಪೆಯಿಂದ ಇಳಿಯತೊಡಗಿತು. ನಾಲ್ಕನೆಯ ಭೇಟಿಯ ದಿನ ಹತ್ತಿರದ ನೆಂಟರಲ್ಲಿ ನಿಕಾಹ್ ಇತ್ತು. ಇಳಿಯುತ್ತಿದೆಯಲ್ಲ, ಈ ಸಲ ಬಿಟ್ಟರಾಯಿತು ಎಂಬ ಮಾತು ಮನೆಯಲ್ಲಿ ಎದ್ದಿತು. ಬಿಡಲು ಒಪ್ಪದವರು ಖಾಲಾ. ಒಟ್ಟು ಆರು ಸಲ ಹೋಗಿಬಂದರು. ನಾಳಗಳು ಅಂಚನ್ನು ಮುಟ್ಟಿವೆ, ಇನ್ನು ಬರುವುದು ಬೇಡ ಎಂದು ವೈದ್ಯರು ಬರೆದುಕೊಟ್ಟ ಮೇಲೆಯೇ ನಿಲ್ಲಿಸಿದರು. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದರೆ ಮುಗಿಯಿತೆಂದು ತಿಳಿಯುವವರು ಬಹಳ. ಕೊನೆಯ ಪರೀಕ್ಷೆ ಯಾವುದೆಂದು ತೀರ್ಮಾನಿಸಬೇಕಾದವರು ವೈದ್ಯರು. ನೆರೆಯವರೊಬ್ಬರು, ಲೇಸರ್ ಇಲ್ಲ, ಆಪರೇಷನ್ ಇಲ್ಲ, ಸುಮ್ಮನೆ ಆರು ಸಲ ಪೆಟ್ರೋಲ್ ಸುಟ್ಟಿರಿ ಎಂದರಂತೆ. ಹೌದು, ಸುಮ್ಮನೆ ಹೋಗಿಬಂದರು. ಹಾಗೆ ಸುಮ್ಮನೆ ಹೋಗಿಬರುವ ಭಾಗ್ಯ ಎಲ್ಲರಿಗೂ ಸಿಗಲಿ ಎಂದು ನಾವು ದುಆ ಮಾಡುತ್ತೇವೆ.

ನಮ್ಮ ಮದ್ರಸದಲ್ಲಿ ಒಬ್ಬ ಹುಡುಗನಿದ್ದಾನೆ. ಅಕ್ಕನ ಕೈ ಹಿಡಿದು ಬರುತ್ತಾನೆ. ಕಿವಿಯಿಂದ ಕೇಳಿಯೇ ಕಲಿಯುತ್ತಾನೆ. ಕಣ್ಣಿರುವ ಮಕ್ಕಳಿಗಿಂತ ಅವನ ತಜ್ವೀದ್ ಚೆನ್ನಾಗಿದೆ. ಏಳು ತಿಂಗಳಿಗೆ ಹುಟ್ಟಿದ ಮಗು, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಬದುಕಿಕೊಂಡಿತು. ಆರನೆಯ ತಿಂಗಳಲ್ಲಿ ಗಿಲಕಿಯ ಸದ್ದಿಗೆ ತಿರುಗುತ್ತಾನೆ, ದೀಪಕ್ಕೆ ತಿರುಗುವುದಿಲ್ಲ ಎಂಬುದನ್ನು ತಾಯಿ ಗಮನಿಸಿದಳು. ಕಣ್ಣು ತೋರಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಂದೆ ನಮ್ಮೊಡನೆ ಈ ಮಾತು ಬಂದಾಗಲೆಲ್ಲ ತಖ್ದೀರ್ ಎಂದು ಸುಮ್ಮನಾಗುತ್ತಾರೆ.

ಅವರ ಸಬ್ರನ್ನು ನಾವು ಗೌರವಿಸುತ್ತೇವೆ. ಎರಡು ಕಣ್ಣುಗಳನ್ನು ಕಳೆದುಕೊಂಡೂ ಸಹನೆಯಿಂದಿರುವ ದಾಸನಿಗೆ ಅವುಗಳ ಬದಲಿಗೆ ಸ್ವರ್ಗವಿದೆಯೆಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಆ ಭರವಸೆಯನ್ನು ನಾವು ಅವರಿಗೂ ಹುಡುಗನಿಗೂ ಹೇಳಿದ್ದೇವೆ. ಆದರೆ ಆ ಹದೀಸ್ ನಷ್ಟವಾದ ಮೇಲಿನ ಸಾಂತ್ವನ. ಚಿಕಿತ್ಸೆಯ ಬಾಗಿಲು ಇನ್ನೂ ತೆರೆದಿರುವಾಗ ಅದನ್ನು ಓದಿ ಮನೆಯಲ್ಲಿ ಕುಳಿತುಕೊಳ್ಳುವವನು ಸಬ್ರ್ ಮಾಡುತ್ತಿಲ್ಲ. ಔಷಧಿ ಮಾಡಿಸಿಕೊಳ್ಳಿರೆಂದು ಕಲಿಸಿದವರೂ, ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡೆಂದು ಆ ಬದವಿಗೆ ಹೇಳಿದವರೂ ಅದೇ ಪ್ರವಾದಿವರ್ಯರು(ಸ). ಮಗುವಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ನಮ್ಮ ಕಷ್ಟಕ್ಕೆ ನಾವು ಸಹನೆ ತೋರಬಹುದು. ಮಾತು ಬಾರದ ಮಗುವಿನ ಕಣ್ಣು ನಮ್ಮ ಕೈಯಲ್ಲಿರುವ ಅಮಾನತ್. ಅದರ ಪರವಾಗಿ ಮುಂಚಿತವಾಗಿಯೇ ಸಹನೆಯನ್ನು ಘೋಷಿಸುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ಅಬಸ ಸೂರಃವನ್ನು ಕಲಿಸುವಾಗ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ಮಕ್ಕಾದ ಗಣ್ಯರೊಡನೆ ಮಾತನಾಡುತ್ತಿದ್ದಾಗ ಬಂದ ಕುರುಡ ಸಹಾಬಿ. ಅವರ ಕಾರಣದಿಂದ ಅವತೀರ್ಣವಾದ ವಚನಗಳು. ಮುಂದೆ ಅವರು ಮದೀನಾದ ಮಸೀದಿಯಲ್ಲಿ ಬೆಳಗಿನ ಅಝಾನ್ ಕೊಡುತ್ತಿದ್ದುದು. ಎಲ್ಲವನ್ನೂ ಕೇಳಿದ ಮೇಲೆ ಆ ಹುಡುಗ, "ಉಸ್ತಾದ್, ಅವರೂ ಏಳು ತಿಂಗಳಿಗೇ ಹುಟ್ಟಿದ್ದರಾ?" ಎಂದು ಕೇಳಿದ. ಅವರದು ಬೇರೆ, ನಿನ್ನದು ಬೇರೆ ಮಗೂ ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆವು.

ನಮ್ಮ ರಾಜ್ಯದಲ್ಲಿ ಈ ವಿಷಯದಲ್ಲಿ ನಡೆದಿರುವ ಕೆಲಸವನ್ನು ನಮ್ಮ ಜನರು ಅರಿಯಬೇಕು. ಸಣ್ಣ ಊರುಗಳಲ್ಲಿ ಈ ಪರೀಕ್ಷೆ ಬಲ್ಲ ನೇತ್ರವೈದ್ಯರು ಇಲ್ಲದಿರುವುದು ದೊಡ್ಡ ತೊಡಕಾಗಿತ್ತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ವೈದ್ಯರಲ್ಲದ, ಆದರೆ ಇದಕ್ಕೆಂದೇ ತರಬೇತಾದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಅಲ್ಲಿಯೇ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆದು ಇಂಟರ್ನೆಟ್ ಮೂಲಕ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿರುವ ತಜ್ಞರು ಅದನ್ನು ನೋಡಿ ಮುಂದೇನೆಂದು ತಿಳಿಸುತ್ತಾರೆ. ಬಳಿಕ ರಾಜ್ಯ ಸರಕಾರವೂ ಕೈಜೋಡಿಸಿ ಹಲವು ಜಿಲ್ಲೆಗಳಿಗೆ ಇದು ಹಬ್ಬಿತು. ಇಂಥ ತಂಡಗಳು ಬರುವುದು ನಿಗದಿತ ದಿನಗಳಲ್ಲಿ. ಆಸ್ಪತ್ರೆ ಕೊಟ್ಟ ದಿನವನ್ನು ನಮ್ಮ ಅನುಕೂಲಕ್ಕೆ ಮುಂದೂಡಿದರೆ ಮುಂದಿನ ಸರದಿಯವರೆಗೆ ಕಾಯಬೇಕಾಗುತ್ತದೆ.

ಮಗುವನ್ನು ಮನೆಗೆ ಕಳುಹಿಸುವ ದಿನ ಕಾರ್ಡಿನಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಕಾಣದಿದ್ದರೆ ಅಲ್ಲಿಯೇ ನಿಂತು ಕೇಳಬೇಕು. ಎಷ್ಟು ವಾರಕ್ಕೆ ಹುಟ್ಟಿತು, ಎಷ್ಟು ಗ್ರಾಂ ಇತ್ತು, ಎಷ್ಟು ದಿನ ಆಮ್ಲಜನಕ ಕೊಟ್ಟರು ಎಂಬುದನ್ನು ಬರೆಸಿಕೊಳ್ಳಬೇಕು. ಹೆರಿಗೆ ತವರಿನಲ್ಲಾಗಿ, ನಡುವೆ ಗಂಡನ ಮನೆಗೆ ಮಗು ಹೋಗುವುದಿದ್ದರೆ ಆ ಕಾರ್ಡೂ ಜೊತೆಗೇ ಹೋಗಬೇಕು. ಅತ್ತೆಯ ಮನೆಯವರಿಗೆ ಈ ದಿನಾಂಕ ತಿಳಿಯದೆ ತಪ್ಪಿಹೋಗುವ ಸಂಭವ ಹೆಚ್ಚು. ಅವಳಿಮಕ್ಕಳಾದರೆ ಇಬ್ಬರನ್ನೂ ಕರೆದೊಯ್ಯಬೇಕು, ದಪ್ಪಗಿರುವವನಿಗೆ ಏನೂ ಆಗಿಲ್ಲವೆಂದು ಒಬ್ಬನನ್ನು ಬಿಟ್ಟುಹೋಗಬಾರದು. ರೋಗ ಇಳಿದ ಮೇಲೂ, ಲೇಸರ್ ಆದ ಮೇಲೂ ಈ ಮಕ್ಕಳಿಗೆ ಕನ್ನಡಕ ಬೇಕಾಗುವ, ಮೆಳ್ಳೆಗಣ್ಣಾಗುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚಿರುವುದರಿಂದ ಶಾಲೆಗೆ ಸೇರುವ ಮೊದಲು ಕಣ್ಣು ತೋರಿಸುತ್ತಿರಬೇಕು.

ಇಮಾಮರಲ್ಲಿಯೂ ಉಸ್ತಾದರಲ್ಲಿಯೂ ಒಂದು ವಿನಂತಿ. ಮಗು ಹುಟ್ಟಿದ ಮನೆಗೆ, ನೆಂಟರಿಷ್ಟರಿಗೆ ಬಾಗಿಲು ಮುಚ್ಚಿರುವಾಗಲೂ ನಮಗೆ ಕರೆ ಬರುತ್ತದೆ. ಕಿವಿಯಲ್ಲಿ ಅಝಾನ್ ಹೇಳಲು, ಹೆಸರಿಡಲು, ಅಕೀಕಾದ ದಿನ ದುಆ ಮಾಡಲು. ಆಗ ಮಗುವಿನ ತೂಕವೆಷ್ಟು, ಎಷ್ಟನೆಯ ತಿಂಗಳಿಗೆ ಹುಟ್ಟಿತು ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಎರಡು ಕಿಲೋಗಿಂತ ಕಡಿಮೆ ಎಂಬ ಉತ್ತರ ಬಂದರೆ, ಹುಟ್ಟಿದ ದಿನಕ್ಕೆ ಮೂವತ್ತನ್ನು ಕೂಡಿಸಿ, ಆ ದಿನಾಂಕದೊಳಗೆ ಕಣ್ಣು ತೋರಿಸಿರೆಂದು ಹೆಸರಿನ ಚೀಟಿಯ ಕೆಳಗೇ ಬರೆದುಕೊಡಬಹುದು. ಚಿಲ್ಲಾದ ಮಾತು ಎತ್ತುವ ಹಿರಿಯರಿದ್ದರೆ ಅಸ್ಮಾ ಬಿನ್ತ್ ಉಮೈಸ್(ರ) ಅವರ ವೃತ್ತಾಂತವನ್ನು ಅಲ್ಲಿಯೇ ಕುಳಿತು ಹೇಳಬಹುದು. ಹೋಗಿಬರುವ ಖರ್ಚಿಗೆ ಕಷ್ಟವಿರುವ ಮನೆಯೆಂದು ಕಂಡರೆ ಜಮಾಅತಿನ ಸದರ್ ಅವರಿಗೆ ಅಂದೇ ಸಂಜೆ ತಿಳಿಸಬೇಕು, ಜುಮಾವರೆಗೆ ಕಾಯಬಾರದು.